ಗೇಟಿನ ರಾಜ ಜಂಬಣ್ಣ

ಜಂಬಣ್ಣನ ನಿಜವಾದ ಮುಖವನ್ನು ನಾನು ನೋಡಿದ್ದು ಒಂದೇ ಒಂದು ಸಲ. ಉಳಿದಂತೆ ಸಿಕ್ಕಾಗಲೆಲ್ಲ ಅವನು ಬೇರೆ ಯಾರೋ ಆಗಿರುತ್ತಿದ್ದ. ಮರಿಯಮ್ಮನಹಳ್ಳಿಯ ಹಗಲುವೇಷದವನು. ಈ ಜನ ಒಂದು ಊರು ಹೊಕ್ಕರೆ ದಿನಕ್ಕೊಂದು ವೇಷ ಹಾಕಿ ಬೀದಿಬೀದಿ ಸುತ್ತಿ ನಗಿಸುತ್ತಾರೆ. ಕೊನೆಯ ದಿನವಷ್ಟೇ ಮನೆಮನೆಗೆ ಬಂದು ಕೈಯೊಡ್ಡುತ್ತಾರೆ.

ನನಗೋ ತಿರುಗಾಟದ ಚಟ. ಗುಡಿ, ಕೋಟೆ, ಬಯಲಾಟ ಅಂತ ಹೊಸಪೇಟೆಯ ಸುತ್ತೆಲ್ಲ ಅಲೆದು ಪತ್ರಿಕೆಗೆ ಬರೆದು, ಕಲೆ ಸಂಸ್ಕೃತಿಯೆಲ್ಲ ನನ್ನ ಜೇಬಿನಲ್ಲೇ ಇದೆ ಎಂದು ಬೀಗುತ್ತಿದ್ದವನು. ಒಮ್ಮೆ ಸಂಡೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಖಾಕಿ ತೊಟ್ಟವನೊಬ್ಬ ರಸ್ತೆಯ ನಡುವೆ ನಿಂತು ಅದಿರಿನ ಲಾರಿಗೆ ಲಾಠಿ ತೋರಿಸಿದ. ಲಾರಿ ಗಕ್ಕನೆ ನಿಂತಿತು.

"ಪರ್ಮಿಟ್ ಐತೇನಲೇ?"

"ಐತ್ರಿ ಸಾಹೇಬ್ರ," ಎಂದ ಡ್ರೈವರ್.

"ಹಂಗಾದ್ರ ದಂಡ ಕಟ್ಟು. ಪರ್ಮಿಟ್ ಇಲ್ದೋರು ಜಲ್ದಿ ಹೋಗಾಕತ್ತಾರ, ನೀ ಅವ್ರಿಗೆ ಅಡ್ಡ ಬಂದೀಯಲ್ಲ."

ಡ್ರೈವರ್ ತಬ್ಬಿಬ್ಬಾಗಿ ಕೆಳಗೆ ನೋಡಿದ. ಖಾಕಿ ಪ್ಯಾಂಟಿನಡಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಬಸ್‌ಸ್ಟ್ಯಾಂಡೆಲ್ಲ ನಕ್ಕಿತು. ಅಷ್ಟು ಚೆನ್ನಾಗಿ ವೇಷ ಕಟ್ಟಿ ಕಾಲಿಗ್ಯಾಕೆ ಇದು ಎಂದು ಆಮೇಲೆ ಕೇಳಿದೆ.

"ವೇಷ ಅಂತ ಮಂದಿಗೆ ಗೊತ್ತಾಗ್ಬೇಕಲ್ರಿ ಸರ. ಗೊತ್ತಾಗ್ಲಿಲ್ಲಂದ್ರ ಅದು ಮೋಸ ಆಕ್ಕೈತಿ. ನಮ್ಮಪ್ಪನೂ ಹಿಂಗ ಮಾಡ್ತಿದ್ದ." ಯಾವ ವೇಷಕ್ಕೂ ಅವನು ಆ ಚಪ್ಪಲಿ ಬಿಡಲಿಲ್ಲ. ಸುತ್ತಲ ಊರುಗಳಿಗೆಲ್ಲ ಅದೇ ಅವನ ಗುರುತು.

ಆ ಗುರುತೇ ಕಂಪ್ಲಿಯಲ್ಲಿ ಅವನಿಗೆ ಮುಳುವಾಯಿತು. ಚುನಾವಣೆಯ ದಿನಗಳು. ಒಂದೆರಡು ದಿನ ವೇಷ ಹಾಕಿದ ಜಂಬಣ್ಣ ಜ್ವರ ಬಂದು ಗುಡಿಯ ಕಟ್ಟೆಯ ಮೇಲೆ ಹೊದ್ದು ಮಲಗಿದ್ದ. ಅದೇ ಬೆಳಿಗ್ಗೆ ಆ ಕಡೆಯ ದೊಡ್ಡ ಲೀಡರೊಬ್ಬರು ಕೈಮುಗಿದುಕೊಂಡು ಬೀದಿಗಿಳಿದರು. ಗೆದ್ದಾಗಿನಿಂದ ಊರಿಗೆ ಮುಖ ತೋರಿಸಿದವರಲ್ಲ. ಫ್ಲೆಕ್ಸಿನಲ್ಲಿ ಇದ್ದದ್ದು ಕರಿಗೂದಲ ಕಾಲದ ಫೋಟೊ. ಹಿಂಬಾಲಕರೆಲ್ಲ ಮಿರ್ಚಿ ಅಂಗಡಿಯಲ್ಲೇ ಉಳಿದಿದ್ದರು. ಜೊತೆಗೆ, ಸರಳ ಮನುಷ್ಯ ಅನ್ನಿಸಿಕೊಳ್ಳಲಿಕ್ಕೆ ಅವತ್ತು ಅವರು ಹವಾಯಿ ಚಪ್ಪಲಿ ಮೆಟ್ಟಿ ಬಂದಿದ್ದರು.

ಪಾನ್ ಅಂಗಡಿಯ ಮುದುಕ ಮೊದಲು ಕಾಲು ನೋಡಿದ, ಆಮೇಲೆ ಮುಖ.

"ಲೇ ಜಂಬಣ್ಣ, ಇವತ್ತಿಂದು ಮಸ್ತ್ ಐತಿ ನೋಡು. ಆ ಕಳ್ಳ ನಗಿ ಎಲ್ಲಿ ಕಲ್ತಿ? ಆದ್ರ ಕೇಳೂದು ಕೊನೀ ದಿನ ಅಲ್ಲೇನು? ಈಗ್ಲೇ ಕೈ ಚಾಚಬ್ಯಾಡ."

"ನಾನು ಜಂಬಣ್ಣ ಅಲ್ರಿ," ಎಂದರು ಲೀಡರ್. ಬೀದಿ ಇನ್ನೂ ಜೋರಾಗಿ ನಕ್ಕಿತು. ಚಹಾ ಕುಡಿಯುತ್ತ ಕೂತಿದ್ದ ನಾನೂ ಚಪ್ಪಾಳೆ ತಟ್ಟಿದೆ. ಯಾರೋ ತೆಗೆದ ವಿಡಿಯೊ ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿತ್ತು.

ಲೀಡರ್ ಮತ್ತೆ ಗೆದ್ದರು. ಜಂಬಣ್ಣನನ್ನು ಹೊಡೆಸಲಿಲ್ಲ, ಬೈಯಲಿಲ್ಲ. ಕರೆಸಿ ಶಾಲು ಹೊದಿಸಿದರು. ಕಲಾವಿದರು ಹೀಗೆ ಬಿಸಿಲಲ್ಲಿ ಅಲೆಯಬಾರದು ಎಂದು ಹೇಳಿ, ಹಂಪಿಯ ಹತ್ತಿರ ತಮ್ಮ ಅಳಿಯನ ರೆಸಾರ್ಟಿನಲ್ಲಿ ಕೆಲಸ ಕೊಡಿಸಿದರು. ರಾಜನ ವೇಷ ಹಾಕಿ ದಿನವಿಡೀ ಗೇಟಿನಲ್ಲಿ ನಿಲ್ಲಬೇಕು, ಬಾಯಿ ಮಾತ್ರ ಬಿಡಬಾರದು. ಪತ್ರಿಕೆಗಳು ಹೊಗಳಿದವು. ನನಗೆ ಮೈಯೆಲ್ಲ ಉರಿಯಿತು.

ನೋಡಲು ಹೋದೆ. ಊಟದ ಹೊತ್ತಿಗೆ ಅಡುಗೆಮನೆಯ ಹಿಂದೆ ಕಿರೀಟ, ಮೀಸೆ ತೆಗೆದಿಟ್ಟು ಮುಖ ತೊಳೆಯುತ್ತಿದ್ದ. ಚಿಕ್ಕ ಮುಖ, ಕುಳಿಬಿದ್ದ ಕೆನ್ನೆ, ಹಣೆಗೆ ಕಿರೀಟ ಒತ್ತಿದ ಕೆಂಪು ಗೆರೆ. ಬಿಟ್ಟು ಬಾ ಮಾರಾಯ ಎಂದೆ.

"ಎಲ್ಲಿಗ್ರಿ ಸರ? ಗೇಟ್ ದಾಟಿದ್ರ ಯಾವ ಊರಾಗೂ ವೇಷ ಹಾಕಾಕ ಬಿಡಂಗಿಲ್ಲ ಅಂದಾರ. ಎಷ್ಟೋ ವೇಷ ಹಾಕೀನಿ, ಯಾವ್ದಕ್ಕೂ ಶಿಕ್ಷಾ ಆಗ್ಲಿಲ್ಲ. ಹಾಕದ ವೇಷಕ್ಕ ಆತು ನೋಡ್ರಿ." ನಕ್ಕ. ನನಗೆ ನಗು ಬರಲಿಲ್ಲ. "ಒಂದೇ ಆಸಿ ಐತಿ. ಸಾಯೂದ್ರಾಗ ಒಮ್ಮೆ ಇದ ರಾಜನ ವೇಷದಾಗ ಕಂಪ್ಲಿಗೆ ಹೋಗಿ, ಬಾಯಿ ತುಂಬ ಮಾತಾಡ್ಬೇಕು."

ಒಳಗಿನಿಂದ ಯಾರೋ ಕೂಗಿದರು. ಮೀಸೆ ಅಂಟಿಸಿಕೊಂಡ. ಹೋಗುವ ಮುಂಚೆ ಜರಿಯ ನಿಲುವಂಗಿಯನ್ನು ತುಸು ಎತ್ತಿ ತೋರಿಸಿದ. ಒಳಗೆ ಅದೇ ನೀಲಿ ಪಟ್ಟಿ.

ಮತ್ತೆ ನಾನು ಆ ಕಡೆ ಹೋದದ್ದು ಮೊನ್ನೆ. ರಾಜ ಗೇಟಿನಲ್ಲೇ ಇದ್ದ. ಅದೇ ಮೀಸೆ, ಅದೇ ಕತ್ತಿ. ಸೆಲ್ಫಿಯವರು ಸರಿದ ಮೇಲೆ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಮಹಾರಾಜರೇ, ನಡೀರಿ. ಕಾರು ತಂದಿದ್ದೇನೆ, ಇವತ್ತೇ ಕಂಪ್ಲಿಗೆ." ರೆಪ್ಪೆಯೂ ಅಲುಗಲಿಲ್ಲ. ಭಂಡ, ಪಾತ್ರ ಬಿಡುವವನಲ್ಲ ಎಂದುಕೊಂಡು ಚಪ್ಪಲಿಗಾಗಿ ಕೆಳಗೆ ಬಗ್ಗಿದೆ. ಪಾದಗಳೇ ಇರಲಿಲ್ಲ. ನಿಲುವಂಗಿಯ ಅಂಚನ್ನು ಸಿಮೆಂಟ್ ಕಟ್ಟೆಗೆ ಸೇರಿಸಿ ಗಿಲಾವು ಮಾಡಿದ್ದರು.

ವಾಚ್‌ಮನ್ ಬಂದ. "ಅದು ಫೈಬರ್ ಗೊಂಬಿ ರೀ ಸರ. ಜಂಬಣ್ಣ ಬ್ಯಾಸಿಗ್ಯಾಗ ತೀರ್ಕೊಂಡ್ರು. ಅವ್ರು ಇದ್ದಾಗ್ಲೇ ಅಳತಿ ತಗೊಂಡಿದ್ರಂತ. ಥೇಟ್ ಅವ್ರಂಗ ಐತಲ್ರಿ?"

ಪಾದಗಳಿರಬೇಕಾದ ಆ ಗಿಲಾವನ್ನು ಇನ್ನೊಮ್ಮೆ ನೋಡಿದೆ.

"ಇಲ್ಲಪ್ಪ," ಎಂದೆ. "ಇದು ಮೋಸ."