ಮುಡಿಪಿನೊಳಗಿನ ಬಿಲ್ಲೆ

ಹಿತ್ತಾಳೆ ಬಿಲ್ಲೆ ಕೂಡಿಡುವುದು ನನಗೆ ಶೋಕಿಯಲ್ಲ, ಸಿಟ್ಟು. ಪಾಕಿಸ್ತಾನದ ಜೊತೆ ಯುದ್ಧವಾದ ವರ್ಷ ಚಿಲ್ಲರೆ ಕಾಸು ಮಾಯವಾಯಿತು. ಹನೂರಿನ ದಿನಸಿ ಸಾಹುಕಾರ ತನ್ನ ಅಂಗಡಿಯ ಹೆಸರು ಒತ್ತಿಸಿದ ಬಿಲ್ಲೆಗಳನ್ನೇ ಚಿಲ್ಲರೆಯ ಬದಲು ಕೊಡತೊಡಗಿದ. ತಿರುಗಿಸಿ ಕೊಟ್ಟರೆ ಅವನಲ್ಲೇ ಬೆಲ್ಲ, ಸೀಮೆಎಣ್ಣೆ ಸಿಗುತ್ತಿತ್ತು. ಹಾಗಾಗಿ ಓದು ಬಾರದ ನನ್ನವ್ವನಿಗೆ ಅದೂ ದುಡ್ಡೇ.

ಅದೇ ವರ್ಷ ಜ್ವರ ಬಂದು ತಮ್ಮನ ಕಾಲು ಸೋತುಹೋಯಿತು. ಮಗ ಎದ್ದು ನಡೆದರೆ ಮಾದಪ್ಪನ ಬೆಟ್ಟಕ್ಕೆ ಬಂದು ಮುಡಿಪು ಒಪ್ಪಿಸುತ್ತೇನೆಂದು ಅವ್ವ ಹರಕೆ ಹೊತ್ತಳು. ಸೋಮವಾರ ಬಂತೆಂದರೆ ಕೈಗೆ ಸಿಕ್ಕಿದ್ದನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಗೂಡಿನಲ್ಲಿಡುತ್ತಿದ್ದಳು. ತಮ್ಮ ಎದ್ದ, ನಡೆದ. ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಗಂಟನ್ನು ಹೊಸ ಬಟ್ಟೆಗೆ ಸುರಿದಾಗ ನೋಡಿದೆ. ಬರೀ ಬಿಲ್ಲೆ.

"ಇದು ದುಡ್ಡಲ್ಲ ಕಣವ್ವ" ಎಂದೆ. ಅವ್ವನ ಮುಖ ಕಪ್ಪಿಟ್ಟಿತು.

ಬಿಲ್ಲೆಗೆ ಕಾಸು ಕೇಳಲು ಇಬ್ಬರೂ ನಮ್ಮೂರು ಬಂಡಳ್ಳಿಯಿಂದ ಹನೂರಿಗೆ ನಡೆದೆವು. ಸಾಹುಕಾರ ನಕ್ಕ. "ಯುದ್ಧ ಮುಗೀತು, ಬಿಲ್ಲೆ ಕಾಲನೂ ಮುಗೀತು ಕಣಮ್ಮ. ಬೇಕಾದ್ರೆ ಉಪ್ಪು ತಕಂಡೋಗು."

"ದ್ಯಾವ್ರ ಮುಡುಪ್ನ ಸಾರಿಗಾಕಂಡು ಉಂಡ್ರೆ ದಕ್ಕೀತಾ ಸಾವ್ಕಾರ್ರೇ?" ಎಂದಳು ಅವ್ವ. ಅವನು ಮುಂದಿನ ಗಿರಾಕಿಗೆ ಬೇಳೆ ತೂಗುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಪಾಲಿನ ಪೂಜಾರಿ ತಕ್ಕಡಿ ಹಿಡಿದು ಕೂತಿದ್ದ.

ಸಾಲ ತಂದು ತುಂಬಿಸಿದರೆ ಅದು ಹರಕೆಯಲ್ಲ. ಅವ್ವ ಮುಂದಿನ ಸೋಮವಾರದಿಂದ ಗಂಟು ಕಟ್ಟಲು ಮತ್ತೆ ಶುರುಮಾಡಿದಳು. ತಮ್ಮ ಎಲ್ಲಾದರೂ ಎಡವಿದರೆ ಸಾಕು, "ಮಾದಪ್ಪ ಕೇಳ್ತಾವ್ನೆ" ಎಂದು ನಡುಗುವಳು. ಬೆಟ್ಟ ಹತ್ತುವ ಹೊತ್ತಿಗೆ ತಮ್ಮನಿಗೆ ಮೀಸೆ ಬಂದಿತ್ತು. ಅಷ್ಟೂ ವರ್ಷ ನನ್ನವ್ವನನ್ನು ಹೆದರಿಸಿಟ್ಟವನು ಮಾದಪ್ಪನಲ್ಲ, ಆ ಸಾಹುಕಾರ. ಅವನನ್ನು ನಾನು ಕ್ಷಮಿಸಿಲ್ಲ.

ಆಮೇಲೆ ಬಂಡಳ್ಳಿಯ ಮನೆಮನೆಗೆ ಹೋಗಿ ದೇವರ ಗೂಡು ತಡಕಿಸಿದೆ. ಎಷ್ಟೋ ಮುಡಿಪುಗಳಲ್ಲಿ ಅವನ ಅಂಗಡಿಯ ಹೆಸರೇ ಪೂಜೆ ಮಾಡಿಸಿಕೊಂಡು ಕೂತಿತ್ತು! ನಾನು ಹಾಲು ಮಾರಿ ಕೂಡಿಟ್ಟ ಕಾಸು ಕೊಟ್ಟು ಬಿಲ್ಲೆಗಳನ್ನು ತೆಗೆಸಿದೆ. ಜನ ನನಗೆ ತಲೆ ಕೆಟ್ಟಿದೆ ಎಂದರು.

ಸಾಹುಕಾರ ತೀರಿಕೊಂಡ ಮೇಲೆ ಅವನ ಮಗ ನನ್ನ ಬಳಿ ಬಿಲ್ಲೆಗಳಿರುವ ಸುದ್ದಿ ಕೇಳಿ ನಮ್ಮ ಮನೆಗೆ ಬಂದ. "ನಮ್ಮಪ್ಪನ ಗುರ್ತು ಮನೇಲಿ ಒಂದೂ ಇಲ್ಲ. ಒಂದ್ ಬಿಲ್ಲೆ ಕೊಡು ಅಕ್ಕಾ" ಎಂದ. ಅವನ ಕಣ್ಣು ತುಂಬಿತ್ತು. ಅವ್ವ ಕೊಡು ಎಂಬಂತೆ ನನ್ನನ್ನು ನೋಡಿದಳು.

ನಾನು ಅಡಿಗೆಮನೆಗೆ ಹೋಗಿ ಒಂದು ಹಿಡಿ ಉಪ್ಪು ತಂದು ಅವನ ಕೈಗೆ ಹಾಕಿದೆ.