ಹಾಸಿಗೆಯ ಅಂಚು

ಗ್ಯಾಸ್ ಆಫ್ ಮಾಡಿದ ಮೇಲೂ ನಾಬ್ ಮುಟ್ಟಿ ನೋಡುವವಳು ಶುಭಾ. ಬೀಗ ಹಾಕಿ ಗೇಟಿನವರೆಗೆ ಹೋದವಳು ವಾಪಸ್ ಬಂದು ಎಳೆದು ನೋಡುವವಳು. ಮಗು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಅದು ಮಲಗಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು.

“ನೀನು ಪೊಲೀಸ್ ಆಗ್ಬೇಕಿತ್ತು ಕಣೇ,” ಎಂದು ಅತ್ತೆ ಪ್ರಭಾ ನಗುತ್ತಿದ್ದರು.

ಸಿಕ್ಕಿದ್ದು ಲೆಕ್ಕದ ಕೆಲಸ. ಮಾಗಡಿ ರಸ್ತೆಯ ಸಣ್ಣ ಕಂಪನಿಯೊಂದು ಎಳೆಗೂಸುಗಳಿಗೆ ಬಿಸಿ ಹಾಸಿಗೆ ಮಾಡುತ್ತಿತ್ತು. ಒಳಗಿನ ತಂತಿಯ ಕಾವು ಎಲ್ಲೆಲ್ಲಿ ಎಷ್ಟು ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಸಮೀಕರಣ ಬಿಡಿಸಿ, ಕೂಸಿನ ಬೆನ್ನು ಸುಡುವುದಿಲ್ಲವೆಂದು ಶುಭಾ ಸಹಿ ಹಾಕಬೇಕು. ಆಮೇಲೆ ಹಾಸಿಗೆಗಳು ಆಸ್ಪತ್ರೆಗಳಿಗೆ ಹೊರಡುತ್ತವೆ.

ಕಂಪನಿಯ ಹಳೆಯ ವಿಧಾನ ಇಡೀ ಹಾಸಿಗೆಯನ್ನು ಹರಿಯದ ಒಂದೇ ಬಟ್ಟೆಯಂತೆ ಕಾಣುತ್ತಿತ್ತು. ಶುಭಾ ಕಲಿತು ಬಂದದ್ದು ಹೈಬ್ರಿಡೈಸಬಲ್ ಡಿಸ್ಕಂಟಿನ್ಯುಯಸ್ ಗ್ಯಾಲರ್ಕಿನ್ ಎಂಬ ಹೊಸ ವಿಧಾನ. ಆಫೀಸಿನವರ ಬಾಯಲ್ಲಿ ಎಚ್‌ಡಿಜಿ. ಅದು ಹಾಸಿಗೆಯನ್ನು ತುಂಡು ತುಂಡು ಮಾಡುತ್ತದೆ. ಗೋವಿಂದರಾಜನಗರದ ಅವಳ ವಠಾರದಲ್ಲಿ ಒಂದೊಂದು ಮನೆಯ ಸಂಸಾರವೂ ಬೇರೆ, ನಡುಗೋಡೆ ಮಾತ್ರ ಇಬ್ಬರದು. ಇಲ್ಲಿಯೂ ಹಾಗೆಯೇ: ಮೊದಲು ನಡುಗೋಡೆಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಬಿಡಿಸುವುದು, ಆಮೇಲೆ ಒಂದೊಂದೇ ಮನೆಯೊಳಗೆ ಹೊಗುವುದು.

ಶನಿವಾರ ಎರಡೂ ವಿಧಾನಗಳ ಉತ್ತರ ಒಂದೇ ಬಂತು. ಮಾಲೀಕ ಯೋಗಾನಂದ ಪೆನ್ನು ಮುಂದೆ ಹಿಡಿದರು.

“ಎರಡೂ ಮ್ಯಾಚ್ ಆಯ್ತಲ್ಲಮ್ಮ, ಇನ್ನೇನು?”

“ಅದೇ ಸಾರ್ ಅನುಮಾನ. ಎರಡು ಲೆಕ್ಕಕ್ಕೂ ಒಂದೇ ತಪ್ಪನ್ನ ನಾವೇ ಹೇಳಿಕೊಟ್ಟಿದೀವೇನೋ ಅನ್ಸುತ್ತೆ.”

“ಮ್ಯಾಚ್ ಆಗ್ದಿದ್ರೂ ಅಳ್ತೀರಿ, ಆದ್ರೂ ಅಳ್ತೀರಿ! ಸೋಮವಾರ ಗಾಡಿ ಬರುತ್ತೆ, ನೆನಪಿರ್ಲಿ.”

ಅವಳು ಸಹಿ ಹಾಕದೆ ಮನೆಗೆ ಬಂದಳು. ದಾರಿಯುದ್ದಕ್ಕೂ ಲೆಕ್ಕವನ್ನೇ ಕೆದಕಿದಳು. ಪ್ರೋಗ್ರಾಮ್ ತಪ್ಪೇ? ತುಂಡುಗಳು ದೊಡ್ಡವಾದವೇ? ಅಥವಾ ಯಾವ ತಪ್ಪೂ ಇಲ್ಲದೆ, ತನ್ನ ತಲೆಯೇ ಕೆಟ್ಟಿದೆಯೇ?

ಸಂಜೆ ಮಗುವನ್ನು ಮಲಗಿಸಿ ಹೊದಿಕೆ ಎಳೆದಳು. ಕೈ ತಾನಾಗಿಯೇ ಅದರ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸುತ್ತಾ ಹೋಯಿತು, ಸುತ್ತಲೂ, ಗಾಳಿ ಆಡದಂತೆ. ಅರ್ಧಕ್ಕೇ ಕೈ ನಿಂತಿತು.

ಎರಡೂ ಲೆಕ್ಕಗಳಿಗೆ ತಾನು ಕೊಟ್ಟ ಹೊರಗಿನ ಅಂಚು ಒಂದೇ: ಹಾಸಿಗೆಯ ಬದಿ ಬರಿದು, ಅಲ್ಲಿಂದ ಕಾವು ಗಾಳಿಗೆ ಹೋಗುತ್ತದೆ. ಆದರೆ ಯಾವ ತಾಯಿ ಬದಿಯನ್ನು ಬರಿದು ಬಿಡುತ್ತಾಳೆ?

“ಅತ್ತೆ, ಆಸ್ಪತ್ರೇಲಿ ನರ್ಸ್ ಬಟ್ಟೆ ಹೇಗೆ ಹೊದಿಸ್ತಿದ್ರು?”

“ಇನ್ನ್ ಹೇಗೆ? ಸುತ್ತ ಸಿಕ್ಕಿಸಿ. ಈಗ ನರ್ಸ್ ಮೇಲೂ ಅನುಮಾನವಾ ನಿಂಗೆ?”

ಸೋಮವಾರ ಬೇಗ ಹೋದವಳೇ ಅಂಚನ್ನು ಮುಚ್ಚಿ ಮತ್ತೆ ಲೆಕ್ಕ ಓಡಿಸಿದಳು. ಹಳೆಯದು, ಹೊಸದು, ಎರಡೂ ಸುಡುವ ಮಿತಿ ದಾಟಿದವು.

“ಈಗ್ಲೂ ಎರಡೂ ಮ್ಯಾಚ್ ಆಗಿದೆ ಸಾರ್,” ಎಂದಳು.

ಯೋಗಾನಂದರಿಗೆ ನಗು ಬರಲಿಲ್ಲ. “ಕಂಪ್ಯೂಟರ್ ಏನ್ ಬೇಕಾದ್ರೂ ಹೇಳುತ್ತೆ.”

ಅವಳು ವಾದಿಸಲಿಲ್ಲ. ವರ್ಕ್‌ಶಾಪಿನ ಒಂದು ಹಾಸಿಗೆಗೆ ಪ್ಲಗ್ ಹಾಕಿ, ಮನೆಯಿಂದ ತಂದಿದ್ದ ಮಗುವಿನ ಹೊದಿಕೆಯನ್ನು ಸುತ್ತಲೂ ಸಿಕ್ಕಿಸಿ, ಕಾಫಿ ಕುಡಿದು ಬರೋಣವೆಂದಳು. ಬಂದ ಮೇಲೆ ಅವರ ಅಂಗೈಯನ್ನು ಹೊದಿಕೆಯ ಕೆಳಗೆ ಇಡಿಸಿದಳು.

ಅವರು ಸ್ವಲ್ಪ ಹೊತ್ತು ಇಟ್ಟರು. ಆಮೇಲೆ ಫಕ್ಕನೆ ಎಳೆದುಕೊಂಡರು. ಅಂಗೈ ನೋಡಿಕೊಳ್ಳುತ್ತಲೇ ಫೋನ್ ತೆಗೆದು, “ಗಾಡಿ ಬೇಡ, ವಾಪಸ್ ಕಳಿಸ್ರೀ,” ಎಂದರು.

ಶುಭಾ ಪ್ಲಗ್ ಕಿತ್ತಳು. ಬಾಗಿಲವರೆಗೆ ಹೋಗಿ ಹಿಂದಿರುಗಿ, ಕಿತ್ತಿದ್ದೇನಾ ಎಂದು ಮತ್ತೊಮ್ಮೆ ನೋಡಿದಳು. ಈ ಸಲ ಯೋಗಾನಂದರೂ ಅವಳ ಹಿಂದೆಯೇ ಬಂದು ಬಗ್ಗಿ ನೋಡಿದರು.