ಪಾಸಾದ ಕಿವಿ

ಟ್ರಂಕಜ್ಜನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದನ್ನು ಕೇಳುವ ಗೋಜಿಗೆ ಬೀದಿಯಲ್ಲಿ ಯಾರೂ ಹೋಗಿರಲಿಲ್ಲ. ತಗಡಿನ ಟ್ರಂಕು ಮಾಡುವವನು, ತಲೆ ನರೆತಿದೆ, ಟ್ರಂಕಜ್ಜ. ಮುಗಿಯಿತು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ, ಅದರ ಹಿಂದೆ ಒಲೆ ಇಡುವಷ್ಟು ಜಾಗ ಮತ್ತು ಬಚ್ಚಲು. ಬೆಳಗಾದರೆ ತಗಡಿನ ಹಾಳೆ ನೆಲಕ್ಕೆ ಹಾಸಿ, ಗೀಟು ಎಳೆದು, ದೊಡ್ಡ ಕತ್ತರಿಯಲ್ಲಿ ಕತ್ತರಿಸಿ, ಕಬ್ಬಿಣದ ತುಂಡಿನ ಮೇಲಿಟ್ಟು ಅಂಚು ಮಡಿಸಿ ಬಡಿಯಲು ಶುರು. ಆಯುಷ್ಯವೆಲ್ಲ ಅದೇ ಬಡಿತ. ಆ ಸದ್ದು ತಾಳಲಾರದೆ ಪಕ್ಕದ ಇಸ್ತ್ರಿ ಅಂಗಡಿಯ ಹೆಂಗಸು ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಬಿಗಿದು ಕೆಲಸ ಮಾಡುತ್ತಿದ್ದಳು. ಅಜ್ಜ ಮಾತ್ರ ಬರಿಗಿವಿಯಲ್ಲಿ. ಹಾಗೆ ಕೂತವನ ಕಿವಿ ಉಳಿಯುತ್ತದೆಯೇ ಸ್ವಾಮಿ?

ಉಳಿಯಲಿಲ್ಲ. ಒಂದೇ ಸಲ ಹೋಗಿದ್ದರೆ ಅವನಿಗೂ ಗೊತ್ತಾಗುತ್ತಿತ್ತು. ಅದು ಹೋದದ್ದು ಕಳ್ಳನ ಹಾಗೆ. ಮೊದಲು ಗಡಿಯಾರದ ಟಿಕ್ ಟಿಕ್, ಆಮೇಲೆ ಮಕ್ಕಳ ಮಾತು, ಆಮೇಲೆ ಹೆಂಗಸರ ಸಣ್ಣ ದನಿ. ಲಾರಿ ಹಾರನ್ನು ಕೇಳುತ್ತಿತ್ತು, ಸುತ್ತಿಗೆ ಕೇಳುತ್ತಿತ್ತು, ಹಾಗಾಗಿ ಕಿವಿ ಸರಿಯಾಗಿಯೇ ಇದೆ ಎಂದು ಅವನ ವಾದ. "ಈಗಿನೋರು ಬಾಯಿ ಬಿಟ್ಟು ಮಾತಾಡಲ್ಲ, ಬರೀ ಗೊಣಗ್ತಾರೆ" ಎಂದು ಊರವರ ಬಾಯಿಗೇ ತಪ್ಪು ಹೊರಿಸುತ್ತಿದ್ದ. ಗಿರಾಕಿ ಬಂದರೆ ತಾನೇ ಮೊದಲು ಬಾಯಿ ತೆಗೆದು ಉದ್ದ, ಅಗಲ, ಬಣ್ಣ, ಬೀಗ ಎಲ್ಲ ಒದರಿಬಿಡುವನು. ಎದುರಿನವರು ತಲೆ ಆಡಿಸಿದರೆ ಸಾಕು, ವ್ಯಾಪಾರ ಕುದುರಿತು.

ಹೀಗಿರುವಾಗ ಅವನ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಜೀವ ಉಳಿಯಿತು, ಮಾತೂ ಉಳಿಯಿತು, ದನಿ ಮಾತ್ರ ಇಷ್ಟೇ ಇಷ್ಟಾಯಿತು. ಅಜ್ಜ ಅವಳನ್ನು ನೋಡಿಕೊಂಡದ್ದನ್ನು ಕಂಡು ಬೀದಿಯ ಹೆಂಗಸರು ತಂತಮ್ಮ ಗಂಡಂದಿರನ್ನು ಚುಚ್ಚುತ್ತಿದ್ದರು. ಸ್ನಾನ ಮಾಡಿಸುವನು, ಉಣ್ಣಿಸುವನು, ತಗಡು ಬಡಿದು ಜಡ್ಡುಗಟ್ಟಿದ ಬೆರಳಲ್ಲಿ ಜಡೆ ಹೆಣೆಯುವನು. "ಮೆಲ್ಲಗೆ ರೀ! ಇನ್ನೇನು ನನ್ನ ಜಡೆಗೂ ರಿವೆಟ್ಟು ಹೊಡೀತೀರಾ?" ಎಂದು ಅವಳು ನಗುವಳು. ಮುಖಕ್ಕೆ ಮುಖ ಕೊಟ್ಟು ಕೂತಾಗ ಅವಳ ತುಟಿ ನೋಡಿಯೇ ಅವನಿಗೆ ಎಲ್ಲ ತಿಳಿಯುತ್ತಿತ್ತು. ಅವನು ಅಂಗಡಿಯಲ್ಲಿದ್ದಾಗ ಏನಾದರೂ ಬೇಕಾದರೆ ಅವಳು ಕೂಗುತ್ತಲೇ ಇರಲಿಲ್ಲ. ಮಂಚದ ಪಕ್ಕ ಹಳೇ ಬಟ್ಟೆ ಸುತ್ತಿದ ಉಂಡೆಗಳಿದ್ದವು. ಒಂದನ್ನೆತ್ತಿ ಎಡಗೈಯಲ್ಲೇ ಬೀಸಿದರೆ ಬಾಗಿಲು ದಾಟಿ ಅಜ್ಜನ ಬೆನ್ನಿಗೇ ಬಂದು ಬೀಳಬೇಕು, ಅಂಥ ಗುರಿ. "ಬಂತು ಸಮನ್ಸು" ಎಂದು ಅವನು ಎದ್ದು ಬರುವನು. ಸಂಸಾರ ಹೀಗೆ ನಡೆದಿತ್ತು.

ಅವರಿಗೆ ಒಬ್ಬಳೇ ಮಗಳು, ಪುಟ್ಟಿ. ಪುಟ್ಟಿಗೇ ಈಗ ತಲೆ ನರೆಯುತ್ತಿತ್ತು, ಶಾಲೆಯೊಂದರ ಆಫೀಸಿನಲ್ಲಿ ಕೆಲಸ, ಪೇಟೆಯ ಇನ್ನೊಂದು ತುದಿಯಲ್ಲಿ ಮನೆ. ಒಂದು ಭಾನುವಾರ ಬಂದು ನೋಡಿದರೆ ಒಲೆಯ ಮೇಲೆ ಹಾಲು ಉಕ್ಕಿ, ಪಾತ್ರೆ ಸೀದು, ಮನೆಯೆಲ್ಲ ಹೊಗೆ. ಎಸೆದ ಉಂಡೆಗಳನ್ನು ಯಾರೂ ಎತ್ತಿ ತಂದಿಡದೆ ಮುಗಿದುಹೋಗಿ ಅಮ್ಮ "ಹಾಲು, ಹಾಲು" ಎಂದು ಕೆಮ್ಮುತ್ತಿದ್ದಾಳೆ. ಅಪ್ಪ ಅತ್ತ ಹಾಯಾಗಿ ಕೊಂಡಿ ಕೂರಿಸುತ್ತಿದ್ದಾನೆ. ಪುಟ್ಟಿಗೆ ರೇಗಿಹೋಯಿತು. ಅವನ ಭುಜ ಹಿಡಿದು ತಿರುಗಿಸಿ, ಎದುರು ನಿಂತು ಹೇಳಿದಳು.

"ಅಪ್ಪ, ನಿಂಗೆ ಕಿವಿ ಕೇಳಿಸ್ತಿಲ್ಲ. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ."

"ಯಾವನೇ ಹೇಳಿದ್ದು ಕೇಳಿಸಲ್ಲ ಅಂತ?"

"ಹಾಗಾದ್ರೆ ಪರೀಕ್ಷೆ ಮಾಡಿಸ್ಕೋ. ಆರೋಗ್ಯ ಕೇಂದ್ರದಲ್ಲಿ ವಯಸ್ಸಾದೋರಿಗೆ ಬಿಟ್ಟಿಯಾಗಿ ನೋಡ್ತಿದಾರೆ. ಕಿವಿ ಸರಿ ಇದೆ ಅಂದ್ರೆ ಅಮ್ಮ ಇಲ್ಲೇ ಇರ್ಲಿ, ನಾನು ತುಟಿ ಪಿಟಕ್ ಅನ್ನಲ್ಲ."

ಅಜ್ಜ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮಗಳ ಮನೆ ದೊಡ್ಡದೇನಲ್ಲ. ಅಲ್ಲಿ ಅಮ್ಮನಿಗೆ ಮಂಚ ಹಾಕಬಹುದು, ಅಪ್ಪನ ತಗಡಿಗೆ, ಹತ್ಯಾರಕ್ಕೆ, ಆ ಬಡಿತಕ್ಕೆ ಜಾಗ ಎಲ್ಲಿ? ಅವಳು ಹೋದರೆ ತಾನು ಈ ಎರಡು ಕೋಣೆಯಲ್ಲಿ ಯಾರ ಮುಖ ನೋಡಿಕೊಂಡು ಇರಬೇಕು?

ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಗೆಂದು ಬೇರೆ ಕೋಣೆ ಇರಲಿಲ್ಲ. ಔಷಧದ ದಾಸ್ತಾನು ಇಡುವಲ್ಲೇ ಒಂದು ಕುರ್ಚಿ, ಅದರ ಹಿಂದೆ ಮೇಜು, ಮೇಜಿನ ಮೇಲೆ ಯಂತ್ರ. ಪರೀಕ್ಷೆ ಮಾಡುವ ಹುಡುಗಿ ಅವನ ಕಿವಿಗೆ ಹೆಡ್‌ಫೋನು ಏರಿಸಿ, ಎದುರು ಬಂದು, "ತಾತ, ಸಣ್ಣ ಸದ್ದು ಬಂದ್ರೂ ಬೆರಳೆತ್ತಿ" ಎಂದು ಕೈಸನ್ನೆಯಲ್ಲೂ ತೋರಿಸಿ ಹಿಂದೆ ಹೋಗಿ ಕೂತಳು. ಹೊರಗೆ ಮುದುಕ ಮುದುಕಿಯರ ಸಾಲು ಗೇಟಿನವರೆಗೂ ಇತ್ತು, ಪಾಪ, ಅವಳಿಗೆ ಉಸಿರು ಬಿಡಲೂ ಪುರಸೊತ್ತಿಲ್ಲ.

ಅಜ್ಜನಿಗೆ ಒಂದು ಸದ್ದೂ ಕೇಳಲಿಲ್ಲ. ಆಗ ಅವನ ಕಣ್ಣು ಎದುರಿನ ಔಷಧದ ಬೀರುವಿನ ಮೇಲೆ ಬಿತ್ತು. ಅದರ ಗಾಜಿನ ಬಾಗಿಲಲ್ಲಿ ಹುಡುಗಿ ಪೂರ್ತಿಯಾಗಿ ಕಾಣುತ್ತಿದ್ದಳು, ಸದ್ದು ಬಿಡುವ ಗುಂಡಿಯ ಮೇಲಿಟ್ಟ ಅವಳ ಹೆಬ್ಬೆರಳೂ ಕಾಣುತ್ತಿತ್ತು. ಅದು ತಗ್ಗಿತು, ಅಜ್ಜ ಬೆರಳೆತ್ತಿದ. ಮತ್ತೆ ತಗ್ಗಿತು, ಮತ್ತೆ ಎತ್ತಿದ. ಮುದುಕ ಎಂಥ ಘಾಟಿ ಎಂದರೆ, ಅನುಮಾನ ಬರಬಾರದೆಂದು ನಡುವೆ ಒಂದೆರಡನ್ನು ಬೇಕೆಂತಲೇ ಬಿಟ್ಟ.

ಹುಡುಗಿ ಮುಂದೆ ಬಂದು ಕಣ್ಣರಳಿಸಿದಳು. "ಟ್ರಂಕು ಬಡಿಯೋರ ಕಿವಿ ಇಷ್ಟು ಚೆನ್ನಾಗಿರೋದನ್ನ ನಾನು ಕಂಡೇ ಇಲ್ಲ, ತಾತ!"

ಕಿವಿಗೆ ಹಾಕುವ ಪುಟ್ಟ ಯಂತ್ರಗಳು ಅಲ್ಲೇ, ಅವನ ಮೊಣಕೈ ಹತ್ತಿರದ ತಟ್ಟೆಯಲ್ಲಿದ್ದವು, ಬೇಕಾದವರಿಗೆ ಕೊಡಲೆಂದೇ ಬಂದವು. ಅವನು ಅವುಗಳತ್ತ ತಿರುಗಿಯೂ ನೋಡಲಿಲ್ಲ. ಕಿವಿ ಹೋಗಿದೆ ಎಂದು ಒಪ್ಪಿಕೊಂಡರೆ ಹೆಂಡತಿಯೂ ಹೋದಳು ಎಂದಷ್ಟೇ ಅವನ ತಲೆಯಲ್ಲಿದ್ದದ್ದು. ಯಂತ್ರ ಹಾಕಿಕೊಂಡರೆ ಇಬ್ಬರೂ ಇದ್ದಲ್ಲೇ ಇರಬಹುದು ಎಂದು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಪುಟ್ಟಿಗೂ ಅದು ಹೊಳೆದಿರಲಿಲ್ಲ.

ಪುಟ್ಟಿ "ತಪ್ಪಾಯ್ತಪ್ಪ" ಎಂದು ಕೈ ಮುಗಿದು ಹೋದಳು. ಮನೆಯಲ್ಲಿ ಹೆಂಡತಿ ಮಾತ್ರ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. "ಮತ್ತೆ ಅವತ್ತು ಹಾಲು ಉಕ್ಕಿದಾಗ ನಾನು ಕರೆದಿದ್ದು ಯಾಕ್ರೀ ಕೇಳಿಸ್ಲಿಲ್ಲ?"

ಆಗಲಾದರೂ ನಿಜ ಹೇಳಬಹುದಿತ್ತು. ಮನೆಯಲ್ಲಿ ಇಬ್ಬರೇ ಇದ್ದರು. ಆದರೆ ಗೆದ್ದು ಬಂದ ಜಂಭ ಇನ್ನೂ ಇಳಿದಿರಲಿಲ್ಲ. "ಸುತ್ತಿಗೆ ಸದ್ದು ಕಣೇ. ಇನ್ಮೇಲೆ ಬಾಯಿ ಬಿಟ್ಟು ಕೂಗು, ಬಂದೇ ಬರ್ತೀನಿ. ಎರಡೂ ಕಿವಿ ಪಾಸು!" ಎಂದ.

ಅವಳು ನಂಬಿದಳು. ಅವನ ಮಾತನ್ನಲ್ಲದೆ ಇನ್ಯಾರ ಮಾತನ್ನು ನಂಬಬೇಕು? ಬಟ್ಟೆ ಉಂಡೆಗಳನ್ನು ಬಿಚ್ಚಿಸಿ ನೆಲ ಒರೆಸಲು ಹಾಕಿಸಿದಳು. ಅಂದಿನಿಂದ ಉಸಿರೆಲ್ಲ ಒಟ್ಟು ಮಾಡಿಕೊಂಡು ಕೂಗುವುದು ಶುರುವಾಯಿತು. ಅವನು ಆಗಾಗ ಎದ್ದು ಇಣುಕುತ್ತಿದ್ದ, ಅವಳ ತುಟಿ ಆಡುವುದು ಕಂಡರೆ ಬರುತ್ತಿದ್ದ. ಬಾರದಿದ್ದಾಗ ಕೆಲಸ ಹೆಚ್ಚಿದೆ ಎಂದುಕೊಂಡು ಅವಳು ಸುಮ್ಮನಾಗುತ್ತಿದ್ದಳು.

ಒಂದು ದಿನ ಅವನು ಬಡಿಯುತ್ತಲೂ ಇರಲಿಲ್ಲ. ಸುತ್ತಿಗೆ ಮೂಲೆಯಲ್ಲಿ ಬಿದ್ದಿತ್ತು. ಬಾಗಿಲಿಗೆ ಬೆನ್ನು ಹಾಕಿ ಟ್ರಂಕಿಗೆ ಬಣ್ಣ ಬಳಿಯುತ್ತಿದ್ದ, ಮನೆಯಲ್ಲಿ ಸದ್ದೆಂಬುದೇ ಇರಲಿಲ್ಲ. ಒಳಗೆ ಅವಳಿಗೆ ಬಚ್ಚಲಿಗೆ ಹೋಗಬೇಕಾಗಿತ್ತು. ಕರೆದಳು, ಬರಲಿಲ್ಲ. ಮತ್ತೆ ಕರೆದಳು. ತಡೆಯಲಾಗದೆ ಗೋಡೆ ಹಿಡಿದು ತಾನೇ ಎದ್ದಳು. ಬಚ್ಚಲ ಹೊಸ್ತಿಲಲ್ಲಿ ಕಾಲು ಜಾರಿತು.

ಬಿದ್ದಲ್ಲಿಂದ ಅವಳು ಎಷ್ಟು ಹೊತ್ತು ಕೂಗಿದಳೋ ದೇವರಿಗೇ ಗೊತ್ತು. ಬಡಿತವಿಲ್ಲವೆಂದು ಕಿವಿಯ ಬಟ್ಟೆ ಬಿಚ್ಚಿಟ್ಟಿದ್ದ ಇಸ್ತ್ರಿಯ ಹೆಂಗಸಿಗೆ ಗೋಡೆಯಾಚೆಯಿಂದಲೇ ಕೇಳಿಸಿ, ಇಸ್ತ್ರಿ ಪೆಟ್ಟಿಗೆ ಹಾಗೇ ಬಿಟ್ಟು ಓಡಿ ಬಂದಳು. ಅಜ್ಜ ಟ್ರಂಕಿನ ಮುಚ್ಚಳದ ಮೇಲೆ ಹೂವು ಬಿಡಿಸುತ್ತಿದ್ದ.

"ಅಯ್ಯೋ, ಅಷ್ಟು ಕೂಗ್ತಿದಾರಲ್ಲಜ್ಜ, ಏನು ಮನುಷ್ಯರು ನೀವು!" ಎಂದು ಅವನ ಕೈಯ ಕುಂಚ ಕಿತ್ತೆಸೆದಳು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ವರಾಂಡದಲ್ಲಿ ಪುಟ್ಟಿ ಅವನೆದುರು ಬಂದು ನಿಂತಳು, ಅವಳ ಒಂದೊಂದು ಮಾತೂ ಅವನಿಗೆ ತುಟಿಯಲ್ಲಿ ಸ್ಪಷ್ಟವಾಗಿ ಕಂಡಿತು.

"ಕಿವಿ ಸರಿ ಇದೆ ಅಂತ ಹೇಳಿದಾರೆ. ಅಂದ್ರೆ ಅಮ್ಮ ಕೂಗಿದ್ದು ಕೇಳಿಸಿತ್ತು. ಕೇಳಿಸಿದ್ರೂ ಎದ್ದು ಹೋಗ್ಲಿಲ್ಲ. ನೋಡಿಕೊಂಡು ಸಾಕಾಗಿತ್ತೇನಪ್ಪ ನಿಂಗೆ?"

ಕಿವುಡ ಅನ್ನಿಸಿಕೊಳ್ಳುವುದಕ್ಕೆ ಹೆದರಿದವನು ಈಗ ಕಟುಕ ಅನ್ನಿಸಿಕೊಂಡಿದ್ದ. ಗಾಜಿನ ಬೀರು, ಹೆಬ್ಬೆರಳು, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಮಗುವಿನ ಹಾಗೆ ಅತ್ತ. ಪುಟ್ಟಿ ಹಣೆ ಹಣೆ ಚಚ್ಚಿಕೊಂಡಳು.

ಹಾಸಿಗೆಯಲ್ಲಿದ್ದ ಹೆಂಡತಿಗೂ ಅವನೇ ಹೋಗಿ ಹೇಳಿದ. ಅವಳು ಅವನಿಗೆ ಕಾಣುವಂತೆ ಮುಖ ತಿರುಗಿಸಿ, ನಿಧಾನವಾಗಿ ಅಂದಳು: "ಕಿವಿ ಕೇಳಿಸದೆ ಇದ್ರೆ ನಿಮ್ದೇನ್ರೀ ತಪ್ಪು? ಕೇಳಿಸುತ್ತೆ ಅಂದ್ರಲ್ಲ. ನಾನು ಅದನ್ನ ನಂಬಿಕೊಂಡು ಕೂಗ್ತಾ ಬಿದ್ದಿದ್ದೆ."

ಅಲ್ಲಿಂದ ಅವಳನ್ನು ನೇರ ಮಗಳ ಮನೆಗೇ ಒಯ್ದರು. ಅಜ್ಜ ಮತ್ತೆ ಆರೋಗ್ಯ ಕೇಂದ್ರಕ್ಕೆ ಹೋದ, ಕೇಳುವ ಮೊದಲೇ ಕಳ್ಳತನ ಒಪ್ಪಿಕೊಂಡ. ಹುಡುಗಿಯ ಮುಖ ಸಪ್ಪಗಾಯಿತು. ಕುರ್ಚಿಯನ್ನು ಬರಿಗೋಡೆಗೆ ತಿರುಗಿಸಿಟ್ಟಳು, ಆಮೇಲೆ ಎಲ್ಲರಿಗೂ ಹಾಗೆಯೇ ಇಟ್ಟಳಂತೆ. ಪರೀಕ್ಷೆ ಮುಗಿಸಿ, ತಟ್ಟೆಯಿಂದ ಒಂದು ಯಂತ್ರ ಆರಿಸಿ ಅವನ ಕಿವಿಗೆ ಕೂರಿಸಿ, ದನಿ ಹೆಚ್ಚು ಕಡಿಮೆ ಮಾಡಿದಳು.

"ಅವತ್ತೇ ಹೇಳಿದ್ರೆ ಅವತ್ತೇ ಕೊಟ್ಟು ಕಳಿಸ್ತಿದ್ದೆನಲ್ಲ ತಾತ" ಎಂದಳು. ಅದೇ ಅವನು ಯಂತ್ರದಲ್ಲಿ ಕೇಳಿದ ಮೊದಲ ಮಾತು.

ಮಗಳ ಮನೆಗೆ ಓಡಿದ. ದಾರಿಯಲ್ಲಿ ತನ್ನ ಚಪ್ಪಲಿಯ ಸದ್ದು ಕೇಳಿ ತಾನೇ ಬೆಚ್ಚಿದ. ಹೆಂಡತಿಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಕಿವಿ ತೋರಿಸಿದ. "ನೋಡೇ ಇಲ್ಲಿ! ಈಗ ನಿಜವಾಗ್ಲೂ ಕೇಳಿಸುತ್ತೆ. ಏನಾದ್ರೂ ಹೇಳು."

"ಒಳ್ಳೇದಾಯ್ತು ಬಿಡಿ" ಎಂದಳು ಅವಳು. ಕೋಪವೇನೂ ಇರಲಿಲ್ಲ ಆ ದನಿಯಲ್ಲಿ. ಅವನು ಕಾದ. ಅವಳು ಸೂರು ನೋಡುತ್ತ ಮಲಗಿದಳು.

ಸ್ವಲ್ಪ ಹೊತ್ತಿಗೆ ಅವಳಿಗೆ ಬಾಯಾರಿತು. ನಾಲಗೆಯಿಂದ ತುಟಿ ಸವರಿಕೊಂಡಳು. ನೀರಿನ ತಂಬಿಗೆ ಅಜ್ಜನ ಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವಳು ತಂಬಿಗೆ ನೋಡಿದಳು, ಅವನನ್ನು ನೋಡಿದಳು. ಆಮೇಲೆ ಅವನ ಭುಜದ ಮೇಲಿಂದ ಅಡುಗೆಮನೆಯ ಕಡೆ ಕತ್ತು ಎತ್ತಿ, ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದಳು.

"ಪುಟ್ಟೀ, ನೀರು!"

ಅಜ್ಜನಿಗೆ ಚೆನ್ನಾಗಿ ಕೇಳಿಸಿತು. ಅವನು ತಂಬಿಗೆಗೆ ಕೈ ಚಾಚುವಷ್ಟರಲ್ಲಿ ಪುಟ್ಟಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, "ಅಪ್ಪ, ಸ್ವಲ್ಪ ಸರಿ" ಎಂದಳು. ಅದೂ ಕೇಳಿಸಿತು. ಅವನು ಸ್ಟೂಲು ಸಮೇತ ಹಿಂದಕ್ಕೆ ಸರಿದು ಕೂತ.